ಕೊಸರು ನಿಂತ ವಾರ

ಜಗಳಗಂಟಿ ಎಂದು ತೇಲೂರಿನ ಪೇಟೆಯಲ್ಲಿ ನನಗೊಂದು ಹೆಸರಿದೆ. ಇರಲಿ ಬಿಡಿ. ಪುಕ್ಕಟೆ ಬಂದ ಹೆಸರಲ್ಲ, ಬೆವರು ಸುರಿಸಿ ಸಂಪಾದಿಸಿದ್ದು. ತೂಕ ಮುಗಿದ ಮೇಲೆ ಮೇಲಿಂದ ಒಂದಿಷ್ಟು ಹಾಕಿಸಿಕೊಳ್ಳದೆ, ಅಂದರೆ ಕೊಸರು ಪಡೆಯದೆ, ಈ ವಾರಿಜ ಕೊಟ್ಟಾರಿ ಯಾವ ಅಂಗಡಿಯಿಂದಲೂ ಹೊರಟವಳಲ್ಲ. ಒಂದು ಕಿಲೋ ಬೆಂಡೆಗೆ ಮೇಲೆ ಎರಡು ಬೆಂಡೆ, ಅರ್ಧ ಕಿಲೋ ಟೊಮೆಟೊಗೆ ಮೇಲೊಂದು ಸಣ್ಣ ಟೊಮೆಟೊ. ಏನೂ ಗಿಟ್ಟದಿದ್ದರೆ ಒಂದು ಎಸಳು ಕರಿಬೇವಾದರೂ ಸರಿ. ನನ್ನ ಗಂಡ ಜಯಕರನಿಗೆ ಇದನ್ನು ಕಂಡರೆ ಆಗುವುದಿಲ್ಲ. "ನಾಣ್ಯಭವನದಲ್ಲಿ ಅಷ್ಟು ದೊಡ್ಡ ಕೆಲಸ, ಇಲ್ಲಿ ಬಂದು ಒಂದು ಮೆಣಸಿಗೆ ಲಡಾಯಿ! ನಿನ್ನೊಟ್ಟಿಗೆ ಪೇಟೆಗೆ ಬರ್ಲಿಕ್ಕೆ ನಾಚಿಕೆ ಆಗ್ತದೆ ಮಾರಾಯ್ತಿ" ಅನ್ನುತ್ತಾನೆ. ಹಾಗಾದರೆ ಬರಬೇಡ ಅನ್ನುತ್ತೇನೆ ನಾನು.

ಆದರೆ ಆ ಗುರುವಾರ ನಾನು ಒಂದು ಮೆಣಸಿಗೆ ಲಡಾಯಿ ಮಾಡದೆ ಇದ್ದಿದ್ದರೆ, ಇವತ್ತು ತೇಲೂರಿನಲ್ಲಿ ಅನ್ನ ಬೇಯುತ್ತಿರಲಿಲ್ಲ. ಕೇಳಿ, ಹೇಳುತ್ತೇನೆ.

ತೇಲೂರು ಗೊತ್ತಲ್ಲ? ಸಮುದ್ರ ಉಕ್ಕಿ ಕರಾವಳಿಯ ಕೇರಿಗಳನ್ನೆಲ್ಲ ನುಂಗಿದ ಮೇಲೆ, ಉಳ್ಳಾಲದಿಂದ ಭಟ್ಕಳದವರೆಗಿನ ಜನ ಸೇರಿ ನೀರಿನ ಮೇಲೆಯೇ ತೇಲುಗಟ್ಟೆಗಳನ್ನು ಜೋಡಿಸಿ ಕಟ್ಟಿಕೊಂಡ ಊರು. ಉಪ್ಪು ನಮ್ಮದು, ಕಡಲಪಾಚಿ ನಮ್ಮದು, ಅಲೆಯಿಂದ ತೆಗೆಯುವ ಕರೆಂಟು ನಮ್ಮದು. ಅಕ್ಕಿ ಮಾತ್ರ ನಮ್ಮದಲ್ಲ. ಅದು ತಿಂಗಳಿಗೊಮ್ಮೆ ದಡದಿಂದ ಹಡಗಿನಲ್ಲಿ ಬರಬೇಕು, ಬಂದದ್ದಕ್ಕೆ ರೂಪಾಯಿ ಕೊಡಬೇಕು. ಊರೊಳಗೆ ನಡೆಯುವ ನಾಣ್ಯದ ಹೆಸರು ಹೊನ್ನು. ಯಾರು ಬಂದು ಒಂದು ಹೊನ್ನು ಕೊಟ್ಟರೂ ನಾಣ್ಯಭವನದ ವಿನಿಮಯ ಕಟ್ಟೆಯಲ್ಲಿ ಹತ್ತು ರೂಪಾಯಿ ಕೊಡುತ್ತೇವೆ ಎಂಬುದು ಊರು ಕೊಟ್ಟ ಮಾತು. ಆ ಮಾತಿನ ಬೆನ್ನಿಗಿರುವುದು ಉಪ್ಪು, ಕರೆಂಟು ಮಾರಿ ನಾವು ಕೂಡಿಟ್ಟ ರೂಪಾಯಿ. ಅದು ಖಾಲಿಯಾದ ದಿನ ಹೊನ್ನು ಬರೀ ಹೆಸರು.

ಹೊನ್ನನ್ನು ಹುಟ್ಟಿಸುವವನು ಅಕ್ಷಯ. ಮನುಷ್ಯನಲ್ಲ, ಯಂತ್ರ. ಊರಿನ ಪ್ರತಿಯೊಂದು ತಕ್ಕಡಿಯೂ ಅವನಿಗೆ ಕಣ್ಣು. ಅಂಗಡಿಯವರು ತೂಗಿ ಹಸಿರು ಗುಂಡಿ ಒತ್ತಿದ ತಕ್ಷಣ ತೂಕವೂ ಬೆಲೆಯೂ ಅವನಿಗೆ ತಲುಪುತ್ತವೆ. ವ್ಯಾಪಾರ ಬೆಳೆದಿದೆ, ಬೆಲೆ ಏರಿಲ್ಲ ಎಂದಾದರೆ, ಊರಿಗೆ ಇನ್ನಷ್ಟು ಹೊನ್ನು ಬೇಕು ಎಂದು ಅವನು ತಿಳಿಯುತ್ತಾನೆ. ಬೇಕಾದಷ್ಟನ್ನು ಶೂನ್ಯದಿಂದ ಹುಟ್ಟಿಸಿ ಬೆಳಗಾಗುವಾಗ ಎಲ್ಲರ ಖಾತೆಗೂ ಸಮವಾಗಿ ಹಾಕುತ್ತಾನೆ. ನಾವು ಇದಕ್ಕೆ ಬೆಳಗಿನ ಹೊನ್ನು ಅನ್ನುತ್ತೇವೆ. ಬೆಲೆ ಏರಿದರೆ ಕೈ ಬಿಗಿ ಮಾಡುತ್ತಾನೆ. ಬೆಲೆ ಏರಿಸಿದ ಅಂಗಡಿಯ ಹೆಸರು ಪೇಟೆಯ ಕೆಂಪು ಹಲಗೆಯ ಮೇಲೆ ಬೀಳುತ್ತದೆ, ಹೋಗುವವರು ಬರುವವರು ಛೀ ಥೂ ಅನ್ನುತ್ತಾರೆ. ಹನ್ನೊಂದು ವರ್ಷ ಹೀಗೆಯೇ ಚೆಂದಕ್ಕೆ ನಡೆಯಿತು. ತಕ್ಕಡಿಗಳ ವಿಭಾಗ ನೋಡಿಕೊಳ್ಳುವವಳು ನಾನು. ಅಕ್ಷಯನ ಕಣ್ಣಿನ ಡಾಕ್ಟರ್ ಅಂತ ಬೇಕಾದರೆ ಹೇಳಿ.

ಆ ಗುರುವಾರ ಬೆಳಿಗ್ಗೆ ತರಕಾರಿ ಮಾರುವ ಕಾರ್ಮಿನ್ ಬಾಯಿಯ ಅಂಗಡಿಯಲ್ಲಿ ಅರ್ಧ ಕಿಲೋ ಹಸಿಮೆಣಸು ತೂಗಿಸಿದೆ. ಬಾಯಿ ಗುಂಡಿ ಒತ್ತಿದಳು. ನಾನು ಚೀಲ ಹಿಡಿದು ನಿಂತೆ.

"ಕೊಸರು?"

"ಇಲ್ಲ ಅಕ್ಕ."

"ಎಂತ ಇಲ್ಲ? ಇಷ್ಟು ವರ್ಷದ ಗಿರಾಕಿ ನಾನು. ಹೋದ ವಾರ ಒಂದು ಎಸಳು ಕರಿಬೇವಿಗೇ ಸುಮ್ಮನಾದೆ. ಇವತ್ತು ಬಿಡುದಿಲ್ಲ."

"ನಿಮ್ಮ ಕಾಲಿಗೆ ಬೀಳ್ತೇನೆ ಅಕ್ಕ, ಬೆಳಿಗ್ಗೆ ಬೆಳಿಗ್ಗೆ ರಗಳೆ ಬೇಡ. ಪೂರ್ತಿ ಪೇಟೆ ಸುತ್ತಿ ಬನ್ನಿ, ಒಬ್ರು ಒಂದು ಎಸಳು ಕೊತ್ತಂಬರಿ ಮೇಲಿಂದ ಹಾಕಿದ್ರೆ ನನ್ನ ಹೆಸರು ಬದಲಿಸಿ."

ನನಗೆ ಪಿತ್ತ ನೆತ್ತಿಗೇರಿತು. ನಾನೇ ಒಂದು ಮೆಣಸು ತೆಗೆದು ತಕ್ಕಡಿಯ ತಟ್ಟೆಗೆ ಹಾಕಿದೆ. ಬಾಯಿ ಅದನ್ನು ತೆಗೆದಳು. ನಾನು ಮತ್ತೆ ಹಾಕಿದೆ. ಅವಳು ಮತ್ತೆ ತೆಗೆದಳು. ಹಾಕುವುದು ತೆಗೆಯುವುದು ನಡೆಯುತ್ತಿರುವಾಗ ನನ್ನ ಕಣ್ಣು ತಕ್ಕಡಿಯ ಅಂಕಿಯ ಮೇಲೆ ಬಿತ್ತು. ಗುಂಡಿ ಒತ್ತಿ ವ್ಯಾಪಾರ ಮುಗಿದಿದ್ದರೂ, ಮೆಣಸು ಬಿದ್ದಾಗಲೆಲ್ಲ ಅಂಕಿ ಒಂಚೂರು ಏರುತ್ತಿತ್ತು, ತೆಗೆದಾಗ ಇಳಿಯುತ್ತಿತ್ತು.

ಅಯ್ಯೋ ದೇವರೇ! ತಕ್ಕಡಿಗೆ ಕೊಸರು ಗೊತ್ತಾಗುತ್ತದೆ!

ಮೆಣಸನ್ನೂ ಚೀಲವನ್ನೂ ಅಲ್ಲಿಯೇ ಬಿಟ್ಟು ಓಡಿದೆ. "ಅಕ್ಕಾ, ಸಿಟ್ಟು ಮಾಡ್ಬೇಡಿ, ಒಂದು ತಗೊಳ್ಳಿ ಮಾರಾಯ್ರೆ!" ಎಂದು ಬಾಯಿ ಹಿಂದಿನಿಂದ ಕೂಗುತ್ತಿದ್ದಳು.

ನಾಣ್ಯಭವನದ ಯಂತ್ರದ ಕೋಣೆಯಲ್ಲಿ ನನ್ನ ಸಹೋದ್ಯೋಗಿ ಝೊಹರಾ ಒಬ್ಬಳೇ ಇದ್ದಳು. ಅಕ್ಷಯನ ಲೆಕ್ಕಾಚಾರವೆಲ್ಲ ಅವಳ ಕೈಯಲ್ಲಿ. ಮರುದಿನ ಶುಕ್ರವಾರ ಹೊನ್ನಿನ ಹುಟ್ಟುಹಬ್ಬ, ಆ ಲೆಕ್ಕದಲ್ಲಿ ಎಲ್ಲರ ಖಾತೆಗೂ ದುಪ್ಪಟ್ಟು ಹೊನ್ನು ಹಾಕುವುದೆಂದು ನಾಣ್ಯಭವನದ ಗವರ್ನರ್ ಮಲ್ಯರು ಆಗಲೇ ಸಾರಿ ಆಗಿತ್ತು. ಝೊಹರಾ ಅದರ ತಯಾರಿಯಲ್ಲಿದ್ದಳು.

"ಝೊಹರಾ, ಗುಂಡಿ ಒತ್ತಿದ ಮೇಲೆ ತಟ್ಟೆಯ ಮೇಲೆ ಬೀಳುವ ತೂಕವನ್ನು ಅಕ್ಷಯ ಎಂತ ಮಾಡ್ತಾನೆ?"

"ಅದಾ? ಅಲುಗಾಟ ಅಂತ ತಿಳ್ಕೊಂಡು ಬಿಸಾಡ್ತಾನೆ. ಮೊದಲಿನಿಂದ್ಲೂ ಹಾಗೇ. ಗಾಳಿಗೆ, ಕೈ ತಾಗಿ, ಅಲೆಗೆ ತಟ್ಟೆ ಅಲುಗ್ತದಲ್ಲ."

"ಬಿಸಾಡಿದ್ದು ಎಲ್ಲಿ ಹೋಗ್ತದೆ?"

"ಎಲ್ಲಿಯೂ ಹೋಗುದಿಲ್ಲ, ಒಂದು ಮೂಲೆಯಲ್ಲಿ ಬಿದ್ದುಕೊಂಡುಂಟು. ಯಾಕೆ ವಾರಿಜಕ್ಕ, ಬೆವರ್ತಾ ಇದ್ದೀರಿ?"

ಅಕ್ಷಯನನ್ನು ಕಟ್ಟಿದವರು ದೂರದೇಶದವರು. ಭಾರಿ ಬುದ್ಧಿವಂತರು, ಸಂಶಯವಿಲ್ಲ. ಆದರೆ ಅವರ ಊರಲ್ಲಿ ಒಂದು ಕಿಲೋ ಎಂದರೆ ಒಂದು ಕಿಲೋ. ಹಣ ಕೊಟ್ಟು ಆದ ಮೇಲೆ ಮತ್ತೆ ಪುಕ್ಕಟೆ ಹಾಕುವ ಜನವೂ ಭೂಮಿಯ ಮೇಲೆ ಇದೆಯೆಂದು ಅವರು ಕನಸಿನಲ್ಲಾದರೂ ಎಣಿಸಿರಲಿಕ್ಕಿಲ್ಲ. ನಮ್ಮವರಾದರೂ ಯಾರು ಹೇಳಬೇಕಿತ್ತು? ಕೊಸರಿನ ಮಾತನ್ನು ದೊಡ್ಡ ಸಭೆಯಲ್ಲಿ ಎತ್ತುವವರುಂಟೇ!

ಇಬ್ಬರೂ ಕೂತು ಆ ಮೂಲೆಯ ಕಸವನ್ನೆಲ್ಲ ಹೊರಗೆ ಎಳೆದೆವು. ಎಲ್ಲ ತರಕಾರಿ, ದಿನಸಿ, ಮೀನಿನ ತಕ್ಕಡಿಗಳ ಅಲುಗಾಟವನ್ನು ಒಟ್ಟು ಮಾಡಿ ಝೊಹರಾ ಪರದೆಯ ಮೇಲೆ ಒಂದು ಗೆರೆ ಎಳೆದಳು. ನೋಡಿದರೆ ವರ್ಷಗಟ್ಟಲೆ ಗೆರೆ ನೆಟ್ಟಗೆ ಮಲಗಿತ್ತು. ತೂಗಿದ್ದರ ಮೇಲೆ ನೂರಕ್ಕೆ ಎಂಟರಷ್ಟು. ಅದು ತೇಲೂರಿನ ಕೊಸರು! ಕಣ್ಣಿಗೆ ಕಾಣದ, ಯಾರೂ ಬರೆದಿಡದ ನಮ್ಮ ಧಾರಾಳತನ ಪರದೆಯ ಮೇಲೆ ಹಸಿರು ಗೆರೆಯಾಗಿ ಬಿದ್ದಿತ್ತು. ಝೊಹರಾ ಕುರ್ಚಿಯಿಂದ ಎದ್ದೇಬಿಟ್ಟಳು.

ಆಮೇಲೆ ಗೆರೆ ಇಳಿಯತೊಡಗಿತ್ತು. ಕಳೆದ ವರ್ಷ ಬೆಳಗಿನ ಹೊನ್ನು ಹೆಚ್ಚಾದಾಗಿನಿಂದ ಮೆಲ್ಲಗೆ, ಈ ಮಳೆಗಾಲದ ನಂತರ ಜೋರಾಗಿ. ಕೊನೆಯ ವಾರದಲ್ಲಿ ಗೆರೆ ನೆಲಕ್ಕೆ ಅಂಟಿತ್ತು.

"ತಕ್ಕಡಿ ಹಳತಾಗಿ ಹೀಗೆ ಆಗಿರ್ಬಹುದಾ?" ಝೊಹರಾ ಕೇಳಿದಳು.

"ಕೊಸರು ಕೊಡದ ಅಂಗಡಿ ಯಾವುದುಂಟು? ಚಿನ್ನದ ಅಂಗಡಿ. ಅವರ ತಕ್ಕಡಿಯೂ ಇದೇ ಕಾಲದ್ದು. ಅದನ್ನು ತೆಗಿ."

ಚಿನ್ನದ ಅಂಗಡಿಗಳ ಗೆರೆ ಮೊದಲಿನಿಂದಲೂ ಸೊನ್ನೆಯ ಮೇಲೆ, ಇವತ್ತಿಗೂ ಸೊನ್ನೆಯ ಮೇಲೆ. ಹಳತಾಗಿ ಅಂಕಿ ಜಾರುವುದಾದರೆ ಇಲ್ಲಿಯೂ ಸೊನ್ನೆಯಿಂದ ಕೆಳಗೆ ಜಾರಬೇಕಿತ್ತು. ತಕ್ಕಡಿಯಲ್ಲಿ ದೋಷವಿಲ್ಲ. ದೋಷ ಇರುವುದು ಹೊನ್ನಿನಲ್ಲಿ. ಕೆಂಪು ಹಲಗೆಗೆ ಹೆದರಿ ಅಂಗಡಿಯವರು ಬೆಲೆ ಮುಟ್ಟಲಿಲ್ಲ, ಕೊಸರನ್ನು ಕತ್ತರಿಸಿದರು. ಬೆಲೆ ಏರಲಿಲ್ಲ ಎಂದು ಅಕ್ಷಯ ಖುಷಿಯಲ್ಲಿ ಮತ್ತಷ್ಟು ಹೊನ್ನು ಹುಟ್ಟಿಸಿದ. ಹೊನ್ನು ಹೆಚ್ಚಿದಷ್ಟೂ ಕೊಸರು ಇಳಿಯಿತು. ಈಗ ಕತ್ತರಿಸಲು ಕೊಸರೇ ಉಳಿದಿಲ್ಲ. ಇನ್ನು ಒಡೆಯುವುದು ಬೆಲೆ, ಅದೂ ಒಂದೇ ಏಟಿಗೆ. ನಾಳೆ ದುಪ್ಪಟ್ಟು ಹೊನ್ನು ಬಿದ್ದರೆ ಜನ ಅದನ್ನೆಲ್ಲ ಎತ್ತಿಕೊಂಡು ರೂಪಾಯಿಗೆ ಓಡುತ್ತಾರೆ. ನಾಳೆಯೇ ಅಕ್ಕಿ ಹಡಗು. ರೂಪಾಯಿ ಮುಗಿದರೆ ಹಡಗು ಚೀಲ ಇಳಿಸದೆ ತಿರುಗುತ್ತದೆ.

"ಯಾ ಅಲ್ಲಾ" ಎಂದು ಝೊಹರಾ ಕುಳಿತಳು. ನಾನು ಮಲ್ಯರಿಗೆ ಫೋನ್ ಮಾಡಿದೆ. ಊಟದ ನಂತರ ಬನ್ನಿ ಅಂದರು.

ಊಟಕ್ಕೆ ನಮ್ಮ ಹೋಟೆಲಿಗೆ ಹೋದೆ. ಜಯಕರನ ಹೋಟೆಲೆಂದರೆ ಎಂಟು ಮೇಜು, ಬನ್ಸು, ಗೋಳಿಬಜೆ, ಇಡ್ಲಿ, ಸಾಂಬಾರ್, ಮಧ್ಯಾಹ್ನ ಕುಚ್ಚಲಕ್ಕಿ ಊಟ. ಅವನ ಸಾಂಬಾರಿಗೆ ಊರೆಲ್ಲ ಗಿರಾಕಿ. ಬಕೆಟ್ ಹಿಡಿದು ಮೇಜಿನಿಂದ ಮೇಜಿಗೆ ತಾನೇ ಹೋಗಿ, ಬೇಡ ಬೇಡ ಅಂದರೂ ಸುರಿಯುತ್ತಿದ್ದ. ಆ ದಿನ ಗೋಡೆಯ ಮೇಲೆ ಹೊಸ ಬೋರ್ಡು ನೇತಾಡುತ್ತಿತ್ತು: 'ಸಾಂಬಾರ್ ಒಂದು ಸಲ ಮಾತ್ರ'.

"ಇದೆಂತ ಜಯಕರ?"

ಅವನು ನನ್ನ ಮುಖ ನೋಡಲಿಲ್ಲ. "ಬನ್ಸು ಸಣ್ಣದು ಮಾಡಿದೆ, ಯಾರೂ ಎಂತ ಹೇಳ್ಲಿಲ್ಲ. ಚಟ್ನಿಗೆ ನೀರು ಹಾಕಿದೆ. ಈಗ ಇದು. ಬೆಳಿಗ್ಗೆ ಒಬ್ಬರು ಅಜ್ಜ ಇನ್ನೊಂದು ಸೌಟು ಹಾಕು ಮಗಾ ಅಂತ ಲೋಟ ಹಿಡಿದ್ರು. ಇಲ್ಲ ಅಜ್ಜ ಅಂದೆ. ಹಾಗೆ ಹೇಳಿಕೊಂಡು ಬದುಕ್ಲಿಕ್ಕೆ ನನ್ನಿಂದ ಆಗುದಿಲ್ಲ ವಾರಿಜ. ಈಗ ದಡದಲ್ಲಿರುವ ಪಡುಬಿದ್ರಿಯ ಶೇಟರು ಹೋಟೆಲು ಕೇಳ್ತಾ ಇದ್ರಲ್ಲ, ಕೊಡ್ತೇನೆ ಅಂದಿದ್ದೇನೆ. ಶನಿವಾರ ಬರ್ತಾರೆ. ರೂಪಾಯಿಯಲ್ಲಿ ಕೊಡ್ತಾರಂತೆ."

ಒಂದೊಂದೇ ಮೇಜು ಜೋಡಿಸಿ ಈ ಹೋಟೆಲು ಕಟ್ಟಿದವನು ಅವನು. ಅದಿಲ್ಲದ ಜಯಕರ ಹೇಗಿರುತ್ತಾನೆ ಎಂದು ನನಗೆ ಯೋಚಿಸಲೂ ಆಗುವುದಿಲ್ಲ.

"ನೀನು ಅಲ್ಲಿ ಒಳಗೆ ಇರುವವಳು" ಎಂದ ಅವನು ದನಿ ತಗ್ಗಿಸಿ. "ಒಂದೇ ಮಾತು ಹೇಳು. ಹೊನ್ನು ಸರಿ ಉಂಟಾ?"

ನಾಣ್ಯಭವನಕ್ಕೆ ಸೇರುವಾಗ ನಾವು ಬಾಯಿ ಬಿಡುವುದಿಲ್ಲವೆಂದು ಪ್ರಮಾಣ ಮಾಡುತ್ತೇವೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ಹೋಟೆಲಿನಲ್ಲಿ ನಾನು ಇಲ್ಲ ಅಂದರೆ ಸಂಜೆಯೊಳಗೆ ವಿನಿಮಯ ಕಟ್ಟೆಯ ಮುಂದೆ ಊರೇ ನಿಲ್ಲುತ್ತದೆ. ನಾನು ತಲೆ ಬಗ್ಗಿಸಿ ಅನ್ನ ಕಲಸಿದೆ. ದಿನವಿಡೀ ವಟವಟ ಅನ್ನುವ ಹೆಂಡತಿ ಸುಮ್ಮನೆ ಕೂತರೆ ಗಂಡನಿಗೆ ಅರ್ಥವಾಗದೆ ಇರುತ್ತದೆಯೇ? ಜಯಕರ ಬಕೆಟ್ ಎತ್ತಿಕೊಂಡು ಒಳಗೆ ಹೋದ.

ಮಲ್ಯರು ಒಳ್ಳೆಯ ಮನುಷ್ಯರು. ಇಸ್ತ್ರಿ ಮುರಿಯದ ಅಂಗಿ, ಏರದ ದನಿ. ಗೆರೆಗಳನ್ನು ನೋಡಿದರು, ಚಿನ್ನದ ಅಂಗಡಿಯದನ್ನೂ ನೋಡಿದರು. ಕನ್ನಡಕ ತೆಗೆದು ಒರೆಸಿದರು.

"ವಾರಿಜಾ ಅವರೇ, ಬೆಲೆ ಒಂದಿಷ್ಟೂ ಏರಿಲ್ಲ. ನಾಲ್ಕು ಮೆಣಸಿನಕಾಯಿ ಕೊಡಲಿಲ್ಲ ಅಂತ ಹಬ್ಬದ ಹೊನ್ನು ನಿಲ್ಲಿಸಿದ್ರೆ ಜನ ಎಂತ ಹೇಳ್ತಾರೆ? ನಿಲ್ಲಿಸಿದ್ದಕ್ಕೇ ಹೆದರಿ ಕಟ್ಟೆಗೆ ಓಡ್ತಾರೆ. ಇಲ್ಲದ ರೋಗಕ್ಕೆ ಮದ್ದು ಕೊಟ್ಟು ನಾವೇ ಸಾಯಿಸಿದ ಹಾಗೆ ಆಗ್ತದೆ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ನನಗೆ ಸಿಟ್ಟು. "ಸರ್, ನೀವು ಜನ್ಮದಲ್ಲಿ ಒಮ್ಮೆಯಾದರೂ ಕೊಸರು ಕೇಳಿದ್ದುಂಟಾ?"

"ಇಲ್ಲ. ನನಗೆ ಅದೆಲ್ಲ ಸಂಕೋಚ."

"ಏಳಿ. ಪೇಟೆಗೆ ಹೋಗುವ."

ಗವರ್ನರಿಗೆ ಏಳಿ ಅಂದೆನಲ್ಲ ಎಂದು ಆಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ಅವರು ಎದ್ದರು. ಕಾರ್ಮಿನ್ ಬಾಯಿಯ ಅಂಗಡಿಯ ಮುಂದೆ ಕಾಲು ಕಿಲೋ ಶುಂಠಿ ತೂಗಿಸಿ, ಹೊನ್ನು ಕೊಟ್ಟು, ಮೂರು ಸಲ ಕೆಮ್ಮಿದರು. "ಸ್ವಲ್ಪ... ಅಂದರೆ... ಮೇಲಿಂದ..."

"ಎಂತ ಸರ್, ಕೆಮ್ಮಾ? ಶುಂಠಿ ಜಜ್ಜಿ ಕಷಾಯ ಮಾಡಿ ಕುಡೀರಿ."

"ಅಲ್ಲ, ಕೊಸರು."

ಬಾಯಿ ನನ್ನನ್ನು ನೋಡಿ ಹಣೆ ಚಚ್ಚಿಕೊಂಡಳು. "ಅಕ್ಕ, ನೀವು ಸಾಲದು ಅಂತ ಇವರನ್ನೂ ಕರ್ಕೊಂಡು ಬಂದಿರಾ? ಎಲ್ಲಿಂದ ಕೊಡುದು ಸರ್? ದಡದ ಸಗಟಿನವರು ಮೊದಲು ಒಂದು ಚೀಲಕ್ಕೆ ಮೇಲೆ ಎರಡು ಕಿಲೋ ಬಿಡ್ತಿದ್ರು. ಈಗ ಹೊನ್ನು ಕೊಟ್ರೆ ಮುಖ ಹುಳಿ ಮಾಡ್ತಾರೆ. ನನಗೆ ಅವರು ಬಿಡುದಿಲ್ಲ, ನಿಮಗೆ ನಾನು ಬಿಡುದಿಲ್ಲ."

ಆಗ ನನಗೊಂದು ಹುಚ್ಚು ಹೊಳೆಯಿತು. "ಸರ್, ನಿಮ್ಮತ್ರ ರೂಪಾಯಿ ಉಂಟಾ?"

ದಡಕ್ಕೆ ಹೋದಾಗ ಉಳಿದ ಒಂದು ಹಳೆಯ ನೋಟು ಅವರ ಪಾಕೀಟಿನ ಮೂಲೆಯಲ್ಲಿತ್ತು. ಮತ್ತೆ ಕಾಲು ಕಿಲೋ ಶುಂಠಿ ಕೇಳಿ ಆ ನೋಟನ್ನು ಚಾಚಿದರು. ಬಾಯಿಯ ಮುಖ ಅರಳಿತು. ತೂಗಿದಳು, ಗುಂಡಿ ಒತ್ತಿದಳು, ಕೇಳುವ ಮೊದಲೇ ಎರಡು ದಪ್ಪ ತುಂಡು ಶುಂಠಿಯನ್ನು ತಟ್ಟೆಯ ಮೇಲೆ ಧಡ್ ಎಂದು ಹಾಕಿದಳು. ಮೇಲೆ ಒಂದು ಎಸಳು ಕರಿಬೇವು.

ಮಲ್ಯರು ಆ ಎರಡು ತುಂಡು ಶುಂಠಿಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತೇ ಇದ್ದರು. ನಾಣ್ಯಭವನದ ಬಾಗಿಲಲ್ಲಿ ಹೊನ್ನಿಗೆ ಬರೆದದ್ದು ಹತ್ತು ರೂಪಾಯಿ, ಬಾಯಿಯ ತಟ್ಟೆ ಹೇಳಿದ್ದು ಅದಕ್ಕಿಂತ ಕಡಿಮೆ ಬೆಲೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ವಾಪಸು ನಾಣ್ಯಭವನದ ಮೆಟ್ಟಿಲು ಹತ್ತುವಾಗ ಅವರು, "ದುಪ್ಪಟ್ಟೂ ಇಲ್ಲ, ಒಂದು ಪಟ್ಟೂ ಇಲ್ಲ. ನಾಳೆ ನಾನೇ ಹೇಳ್ತೇನೆ, ಸುಳ್ಳು ಹೇಳುದಿಲ್ಲ" ಅಂದರು.

ಶುಕ್ರವಾರ ಬೆಳಿಗ್ಗೆ ಊರಿನ ಎಲ್ಲ ಧ್ವನಿವರ್ಧಕಗಳಲ್ಲಿ ಮಲ್ಯರ ದನಿ ಬಂತು. "ನಿಮ್ಮ ತರಕಾರಿಯವರು ಜಿಪುಣರಾದದ್ದಲ್ಲ. ನಾವು ಹೊನ್ನು ಹೆಚ್ಚು ಹುಟ್ಟಿಸಿದ್ದೇವೆ. ಕೊಸರು ವಾಪಸು ಬರುವವರೆಗೆ ಬೆಳಗಿನ ಹೊನ್ನು ಇಲ್ಲ. ವಿನಿಮಯ ಕಟ್ಟೆ ತೆರೆದೇ ಇರ್ತದೆ."

ಪ್ರತಿಯೊಬ್ಬರೂ ತಮ್ಮ ಅಂಗಡಿಯವನೊಬ್ಬ ಮಾತ್ರ ಕೈ ಬಿಗಿ ಮಾಡಿದ್ದಾನೆ ಎಂದು ಎಣಿಸಿದ್ದರು. ಎಲ್ಲರಿಗೂ ಹಾಗೆಯೇ ಆಗಿದೆ ಎಂದು ಈಗ ಗೊತ್ತಾಯಿತು. ಗೊತ್ತಾದದ್ದೇ ತಡ, ಕಟ್ಟೆಗೆ ಓಟ! ಸೇತುವೆಗಳು ಗುಡುಗುಡು ಅಂದವು. ಯಂತ್ರದ ಕೋಣೆಯ ಪರದೆಯಲ್ಲಿ ನಮ್ಮ ರೂಪಾಯಿ ರಾಶಿ ಕರಗುವುದು ಕಾಣುತ್ತಿತ್ತು. ಕಿಟಕಿಯಾಚೆ ಅಕ್ಕಿ ಹಡಗು ಸರಕು ಇಳಿಸುವ ದಕ್ಕೆಗೆ ಹಗ್ಗ ಎಸೆಯುತ್ತಿತ್ತು.

"ಹೀಗೇ ಹೋದ್ರೆ ಮಧ್ಯಾಹ್ನಕ್ಕೆ ಖಾಲಿ" ಝೊಹರಾ ಹೇಳಿದಳು. "ಈಗಲೇ ಅರ್ಧ ಇಳಿಯಿತು. ಕಟ್ಟೆ ಮುಚ್ಚಿದ್ರೆ?"

"ಮುಚ್ಚಿದ್ರೆ ಗಲಾಟೆ, ತೆರೆದಿಟ್ರೆ ಅಕ್ಕಿ ಇಲ್ಲ" ಎಂದು ಮಲ್ಯರು ತಲೆಗೆ ಕೈ ಇಟ್ಟರು. ಅತ್ತ ದರಿ, ಇತ್ತ ಪುಲಿ.

ನಾನು ಕಿಟಕಿಯಿಂದ ಸಾಲನ್ನು ನೋಡಿದೆ. ಎಲ್ಲರ ಕೈಯಲ್ಲೂ ಚೀಲ. ಹಣಕ್ಕೆ ನಿಂತವರ ಕೈಯಲ್ಲಿ ಚೀಲ ಯಾಕೆ? ಇವರು ಇಲ್ಲಿ ರೂಪಾಯಿ ತಗೊಂಡು ನೇರ ದಕ್ಕೆಗೆ ಹೋಗುವವರು!

"ಸರ್!" ನಾನು ಕಿರುಚಿದೆ. "ಇವರಿಗೆ ಬೇಕಾದದ್ದು ರೂಪಾಯಿ ಅಲ್ಲ, ಅಕ್ಕಿ! ಉಳಿದ ರೂಪಾಯಿ ಕೊಟ್ಟು ಇಡೀ ಹಡಗು ನಾವೇ ತಗೊಳ್ಳುವ. ದಕ್ಕೆಯಲ್ಲಿ ನಿಂತು ಹಳೇ ಬೆಲೆಗೆ ಮಾರುವ. ಹೊನ್ನಿಗೆ ಮಾತ್ರ! ಬಂದ ಹೊನ್ನನ್ನು ಅಕ್ಷಯ ಅಲ್ಲಿಂದಲ್ಲಿಗೇ ಅಳಿಸಲಿ. ಹುಟ್ಟಿಸ್ಲಿಕ್ಕೆ ಬರುವವನಿಗೆ ಅಳಿಸ್ಲಿಕ್ಕೆ ಬರುದಿಲ್ವಾ?"

"ಬರ್ತದೆ ಅಕ್ಕ, ಯಾರೂ ಹೇಳಿಲ್ಲ ಅಷ್ಟೇ!" ಝೊಹರಾಳ ಬೆರಳು ಆಗಲೇ ಓಡುತ್ತಿತ್ತು. "ಆದ್ರೆ ಪೂರ್ತಿ ಹಡಗು ತಗೊಂಡ್ರೆ ಕಟ್ಟೆಯಲ್ಲಿ ಉಳಿಯುದು ಚೂರು. ಸಾಲು ಇಲ್ಲಿಂದ ಅಲ್ಲಿಗೆ ತಿರುಗದಿದ್ರೆ ಮುಗೀತು ನಮ್ಮ ಕತೆ."

"ಜನ ಯಾಕೆ ತಿರುಗಬೇಕು?" ಮಲ್ಯರು ಕೇಳಿದರು.

ಅವರಿಗೆ ತಾನಾಗಿಯೇ ಹೊಳೆಯಿತು. ಮೇಜಿನ ಮೇಲೆ ನಿನ್ನೆಯ ಶುಂಠಿ ಇನ್ನೂ ಇತ್ತು. ಅಂಗಿಯ ತೋಳು ಮಡಚಿಕೊಂಡೇ ಹೊರಟರು.

ದಕ್ಕೆಯಲ್ಲಿ ಹಡಗಿನ ಸಾಹುಕಾರನಿಗೆ ರೂಪಾಯಿ ಸಂದಾಯವಾಯಿತು, ಚೀಲಗಳು ಇಳಿದವು. ತಕ್ಕಡಿಯ ಹಿಂದೆ ತೇಲೂರಿನ ನಾಣ್ಯಭವನದ ಗವರ್ನರ್ ನಿಂತರು. ಮೊದಲು ಬಂದವಳು ಒಬ್ಬ ಮೀನು ಮಾರುವ ಹೆಂಗಸು, ಸಂಶಯದಲ್ಲಿಯೇ ಬಂದಳು. ಮಲ್ಯರು ಐದು ಕಿಲೋ ಕುಚ್ಚಲಕ್ಕಿ ತೂಗಿ ಗುಂಡಿ ಒತ್ತಿದರು. ಆಮೇಲೆ ಎರಡೂ ಕೈ ಚೀಲದೊಳಗೆ ಇಳಿಸಿ ಬೊಗಸೆ ತುಂಬ ಅಕ್ಕಿ ಎತ್ತಿ ತಟ್ಟೆಯ ಮೇಲೆ ಸುರಿದರು. ಕೆಂಪು ಅಕ್ಕಿ ತಟ್ಟೆ ತುಂಬಿ ಅವರ ಚಪ್ಪಲಿಯ ಮೇಲೂ ಚೆಲ್ಲಿತು. "ಕೊಸರು" ಎಂದರು, ಈ ಸಲ ಕೆಮ್ಮಲಿಲ್ಲ.

ಹೆಂಗಸು ತಿರುಗಿ ಸೇತುವೆಯ ಕಡೆಗೆ ಕೊರಳೆತ್ತಿ ಕೂಗಿದಳು. "ಏ ಬನ್ನಿಯೇ! ಹೊನ್ನಿಗೆ ಅಕ್ಕಿ ಕೊಡ್ತಾರೆ! ಮೇಲಿಂದ ಬೊಗಸೆ ತುಂಬ ಹಾಕ್ತಾರೆ!"

ಮೀನು ಕೂಗುವ ಗಂಟಲು, ಕೇಳಬೇಕೇ! ಆ ದನಿಯ ಮುಂದೆ ನಮ್ಮ ಧ್ವನಿವರ್ಧಕ ಏನೂ ಅಲ್ಲ. ಸಾಲಿನ ಬಾಲ ಅಲುಗಿತು, ಮುರಿಯಿತು, ಸೇತುವೆ ದಾಟಿ ದಕ್ಕೆಗೆ ನುಗ್ಗಿತು. ಒಂದು ತಕ್ಕಡಿ ಸಾಲಲಿಲ್ಲ. "ಸರ್, ನೀವು ಅಕ್ಕಿ ಚೆಲ್ಲುದೇ ಜಾಸ್ತಿ, ಆಚೆ ಸರೀರಿ" ಎಂದು ಗದರಿಕೊಂಡು ಕಾರ್ಮಿನ್ ಬಾಯಿ ತನ್ನ ತಕ್ಕಡಿ ತಂದಿಟ್ಟಳು. ಫೋನಿನಲ್ಲಿ ಝೊಹರಾ ನಗುತ್ತಲೂ ಅಳುತ್ತಲೂ ಇದ್ದಳು. "ಅಳಿಸ್ತಾ ಇದ್ದಾನೆ ಅಕ್ಕ! ಬಂದ ಹೊನ್ನೆಲ್ಲ ಅಳಿಸ್ತಾ ಇದ್ದಾನೆ! ಕಟ್ಟೆಯಲ್ಲಿ ರೂಪಾಯಿ ಇಳಿಯುದು ನಿಂತಿತು!"

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಜಯಕರ ಬಂದ. ಹೆಗಲ ಮೇಲೆ ಖಾಲಿ ಗೋಣಿಗಳು. ನನ್ನ ಎದುರು ನಿಂತು ನಿನ್ನೆಯದೇ ಪ್ರಶ್ನೆ ಕೇಳಿದ, ಈ ಸಲ ಎಲ್ಲರಿಗೂ ಕೇಳುವ ಹಾಗೆ.

"ಹೊನ್ನು ಸರಿ ಉಂಟಾ ವಾರಿಜ?"

"ನಿನ್ನೆ ಇರ್ಲಿಲ್ಲ" ಎಂದೆ. "ಇನ್ನು ಸರಿ ಆಗ್ತದೆ. ನಾನು ಸರಿ ಮಾಡ್ತೇನೆ."

ಅವನು ಹೋಟೆಲಿನ ಖಾತೆಯಲ್ಲಿದ್ದ ಹೊನ್ನನ್ನೆಲ್ಲ ಅಕ್ಕಿಗೆ ಹಾಕಿದ. ಗೋಣಿ ತುಂಬಿದ ಮೇಲೆ ಮಲ್ಯರ ಮುಂದೆ ಸುಮ್ಮನೆ ಕಾದು ನಿಂತ. ನನಗೆ ನಗು ತಡೆಯಲಾಗಲಿಲ್ಲ. ನಾಚಿಕೆಯ ಮುದ್ದೆ ನನ್ನ ಗಂಡ ಕೊಸರಿಗೆ ನಿಂತಿದ್ದ!

ಆ ಸಂಜೆ ಝೊಹರಾ ಅಕ್ಷಯನಿಗೆ ಕೊಸರನ್ನು ಕಾಣುವ ಕಣ್ಣು ಕೊಟ್ಟಳು. ಗುಂಡಿ ಒತ್ತಿದ ಮೇಲೆ ಬೀಳುವುದನ್ನು ಇನ್ನು ಬಿಸಾಡಬಾರದು, ಅದನ್ನೇ ಮೊದಲು ನೋಡಬೇಕು. ಪರದೆಯ ಮೇಲೆ ಹಸಿರು ಗೆರೆ ನೆಲದಿಂದ ಕೂದಲೆಳೆಯಷ್ಟು ಮೇಲೆದ್ದಿತ್ತು. ದಕ್ಕೆಯ ಅಕ್ಕಿಯನ್ನು ಬಿಟ್ಟು ಲೆಕ್ಕ ಹಾಕು ಅಂದೆ. ಹಾಕಿದಳು. ಆಗಲೂ ಇತ್ತು. ಯಾವ ಅಂಗಡಿಯದು ಎಂದು ಹುಡುಕಿದರೆ ಕಾರ್ಮಿನ್ ಬಾಯಿಯದು. ತೂಗಿದ್ದು ಹಸಿಮೆಣಸು, ಮೇಲಿಂದ ಬಿದ್ದದ್ದು ಎರಡು ಮೆಣಸಿನಷ್ಟು ತೂಕ. ಗಿರಾಕಿ ಯಾರೋ ಗೊತ್ತಿಲ್ಲ, ನಾನಂತೂ ಅಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಶನಿವಾರ ಪಡುಬಿದ್ರಿಯ ಶೇಟರು ಹೇಳಿದ ಹಾಗೆಯೇ ಬಂದರು. ಕಂಕುಳಲ್ಲಿ ಚರ್ಮದ ಚೀಲ, ಅದರಲ್ಲಿ ರೂಪಾಯಿ. ಹೋಟೆಲು ಗಿಜಿಗುಡುತ್ತಿತ್ತು. ನಾನು ಗಲ್ಲಾದ ಹತ್ತಿರ ನಿಂತಿದ್ದೆ. ಜಯಕರ ಮುಂದಿನ ತಿಂಗಳ ಅಕ್ಕಿ ತುಂಬಿಸಿಕೊಂಡಿದ್ದಾನೆ ನಿಜ, ಆದರೆ ಮಾತು ಕೊಟ್ಟವನು ಅವನು. ಹೋಟೆಲಿನ ಬಗ್ಗೆ ನನ್ನೊಟ್ಟಿಗೆ ಒಂದಕ್ಷರ ಆಡಿರಲಿಲ್ಲ.

ಶೇಟರು ಮೂಲೆಯ ಮೇಜಿನಲ್ಲಿ ಕೂತು ಇಡ್ಲಿ ತರಿಸಿದರು. ತಿನ್ನುತ್ತ ಗೋಡೆ, ಮಾಡು, ಮೇಜುಗಳನ್ನೆಲ್ಲ ತಮ್ಮದೇ ಎಂಬಂತೆ ನೋಡಿದರು. ಗೋಡೆಯಲ್ಲಿ ಬೋರ್ಡು ಇದ್ದ ಜಾಗದಲ್ಲಿ ಮೊಳೆ ಮಾತ್ರ ಇತ್ತು. ಅದನ್ನು ಅವರು ಗಮನಿಸಲಿಲ್ಲ, ನಾನು ಆಗ ಗಮನಿಸಿದೆ.

ಜಯಕರ ಬಕೆಟ್ ಹಿಡಿದು ಮೇಜಿನಿಂದ ಮೇಜಿಗೆ ಬರುತ್ತಿದ್ದ. ಮೊನ್ನೆಯ ಅಜ್ಜ ಲೋಟ ಹಿಡಿಯುವ ಮೊದಲೇ ಅದು ತುಂಬಿತ್ತು. ಕೊನೆಗೆ ಶೇಟರ ಹತ್ತಿರ ಬಂದ. ಅವರು ಚೀಲದ ಬಾಯಿ ಬಿಚ್ಚಿದರು.

"ಎಲ್ಲ ಸರಿ ಎಣಿಸಿ ತಂದಿದ್ದೇನೆ ಜಯಕರಣ್ಣ. ರೂಪಾಯಿಯೇ, ಹೊನ್ನಲ್ಲ. ಇನ್ನೆಂತ ತಡ?"

"ತಪ್ಪಾಯ್ತು ಶೇಟ್ರೆ" ಎಂದ ಜಯಕರ. "ಹೋಟೆಲು ಕೊಡುದಿಲ್ಲ."

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಜಯಕರ ಒಂದು ಸೌಟು ಸಾಂಬಾರನ್ನು ಅವರ ಇಡ್ಲಿಯ ಮೇಲೆ ಸುರಿದು, ಬೇಡ ಬೇಡ ಅನ್ನುವಾಗಲೇ ಮೇಲಿಂದ ಇನ್ನೊಂದು ಸೌಟು ಹಾಕಿದ.